ಸೃಷ್ಟಿಯ ಸಾಕ್ಷ್ಯ, ಶಾಸ್ತ್ರದ ಮಾತು: ಹಳಗನ್ನಡ ಕಾವ್ಯದಿಂದ ದಾಸರ ಕೀರ್ತನೆಯವರೆಗೆ ದೈವಸ್ವಭಾವದ ಪ್ರಶ್ನೆ

ಗಿರಿಶಿಖರದ ಮರವನ್ನು ಸಲಹಿದ ತೋಟಗಾರ ಯಾರು, ನವಿಲಿನ ಗರಿಗೆ ಬಣ್ಣವಿತ್ತ ಕೈ ಯಾವುದು, ಕಲ್ಲಿನೊಳಗೆ ಅಡಗಿದ ಕಪ್ಪೆಗೆ ತುತ್ತು ಎಲ್ಲಿಂದ ಬಂತು? ಕನಕದಾಸರ ಪ್ರಸಿದ್ಧ ಕೀರ್ತನೆಯೊಂದು ಇಂಥ ಪ್ರಶ್ನೆಗಳ ಮೇಲೆಯೇ ನಿಂತಿದೆ. ಅದನ್ನು ಸೃಷ್ಟಿಯ ವ್ಯವಸ್ಥೆಯಿಂದ ಸೃಷ್ಟಿಕರ್ತನನ್ನು ಸಾಧಿಸುವ ತರ್ಕವೆಂದು ಓದುವುದು ಸುಲಭ. ಜಗತ್ತು ಕಾರ್ಯವಾದುದರಿಂದ ಅದಕ್ಕೊಬ್ಬ ಕರ್ತನಿರಲೇಬೇಕೆಂದು ನೈಯಾಯಿಕ ಉದಯನನು ‘ನ್ಯಾಯಕುಸುಮಾಂಜಲಿ’ಯಲ್ಲಿ ಹೂಡಿದ ಅನುಮಾನಕ್ಕೂ, 1802ರಲ್ಲಿ ಇಂಗ್ಲೆಂಡಿನ ವಿಲಿಯಂ ಪೇಲಿ ಗಡಿಯಾರದ ದೃಷ್ಟಾಂತದಿಂದ ಮಂಡಿಸಿದ ವಾದಕ್ಕೂ ಅದು ಹತ್ತಿರವೆಂದು ತೋರುತ್ತದೆ. ಆದರೆ ಕೀರ್ತನೆಯ ಹಿಂದಿರುವ ಕನ್ನಡದ ಚಿಂತನೆಯ ಹಾದಿಯನ್ನು ಗಮನಿಸಿದರೆ ಈ ಓದು ನಿಲ್ಲುವುದಿಲ್ಲ. ಈ ಹಾದಿಯ ಮುಖ್ಯ ಕೃತಿಗಳಲ್ಲಿ ಪ್ರಕೃತಿಯು ದೇವರ ಅಸ್ತಿತ್ವಕ್ಕೆ ಪ್ರಮಾಣವಾಗಿ ಬರುವುದಕ್ಕಿಂತ, ದೇವರು ಎಂಥವನು ಎಂಬ ಪ್ರಶ್ನೆಗೆ ಒರೆಗಲ್ಲಾಗಿ ಬರುತ್ತದೆ.

ಈ ಚರ್ಚೆಯ ತೀಕ್ಷ್ಣವಾದ ಆರಂಭ ಜೈನರದು. ರಾಷ್ಟ್ರಕೂಟ ಅಮೋಘವರ್ಷನ ಗುರುವಾಗಿದ್ದ ಜಿನಸೇನಾಚಾರ್ಯನು ತನ್ನ ಸಂಸ್ಕೃತ ಮಹಾಪುರಾಣದ ನಾಲ್ಕನೆಯ ಪರ್ವದಲ್ಲಿ ಸೃಷ್ಟಿಕರ್ತೃವಾದವನ್ನು ನೇರವಾಗಿ ಖಂಡಿಸುತ್ತಾನೆ. ಜಗತ್ತು ಇಲ್ಲದಾಗ ಕರ್ತನು ಎಲ್ಲಿದ್ದನು, ಯಾವ ಸಾಮಗ್ರಿಯಿಂದ ನಿರ್ಮಿಸಿದನು, ಕೃತಾರ್ಥನಾದವನಿಗೆ ಸೃಷ್ಟಿಸುವ ಇಚ್ಛೆ ಏಕೆ ಎಂಬ ಆಕ್ಷೇಪಗಳು ತಾರ್ಕಿಕವಾದವು. ಆದರೆ ಅವುಗಳ ನಡುವೆ ಬರುವ ಇನ್ನೊಂದು ಆಕ್ಷೇಪ ನೈತಿಕವಾದುದು: ಕರುಣೆಯಿಂದ ಸೃಷ್ಟಿಸಿದವನಾದರೆ ಜಗತ್ತೆಲ್ಲವನ್ನೂ ಸುಖಮಯವಾಗಿ ಏಕೆ ಮಾಡಲಿಲ್ಲ? ಪ್ರಕೃತಿಯನ್ನು ಸಾಕ್ಷಿಯಾಗಿ ಕರೆದವನು ಅದರ ಹಸಿವು, ರೋಗ, ಸಾವುಗಳ ಸಾಕ್ಷ್ಯವನ್ನೂ ಕೇಳಲೇಬೇಕಾಗುತ್ತದೆ.

ಜಿನಸೇನನ ಪುರಾಣವನ್ನು ಆಧರಿಸಿ ಪಂಪನು ಕ್ರಿ.ಶ. 941ರಲ್ಲಿ ‘ಆದಿಪುರಾಣ’ವನ್ನು ರಚಿಸಿದನು. ಅಲ್ಲಿನ ನೀಲಾಂಜನೆಯ ಪ್ರಸಂಗ ಈ ನಿಲುವಿನ ಕಾವ್ಯರೂಪವೆನ್ನಬಹುದು. ನರ್ತಿಸುತ್ತಿರುವಾಗಲೇ ದೇವನರ್ತಕಿಯ ಆಯುಷ್ಯ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಅವಳಂಥ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಕಾಣದ ಈ ವ್ಯತ್ಯಾಸ ವೃಷಭನಾಥನಿಗೆ ಕಾಣುತ್ತದೆ. ಕಣ್ಣೆದುರಿನ ಜಗತ್ತು ಇಲ್ಲಿ ತೋರಿಸುವುದು ಕರ್ತನನ್ನಲ್ಲ, ಅನಿತ್ಯತೆಯನ್ನು. ಅದರಿಂದ ಹುಟ್ಟುವುದು ಸ್ತುತಿಯಲ್ಲ, ವೈರಾಗ್ಯ.

ಶಾಸ್ತ್ರದ ವಿಷಯದಲ್ಲಿಯೂ ಜೈನರ ಕ್ರಮ ಇದೇ. ‘ದೇವಾಗಮಸ್ತೋತ್ರ’ವೆಂದೂ ಹೆಸರಾದ ‘ಆಪ್ತಮೀಮಾಂಸೆ’ಯಲ್ಲಿ ಸಮಂತಭದ್ರನು ದೇವತೆಗಳ ಆಗಮನದಂಥ ಅದ್ಭುತಗಳನ್ನು ಪೂಜ್ಯತೆಗೆ ಆಧಾರವೆಂದು ಒಪ್ಪುವುದಿಲ್ಲ, ಅಂಥವು ಮಾಯಾವಿಗಳಲ್ಲಿಯೂ ಕಾಣುತ್ತವೆ. ನಿರ್ದೋಷನಾದವನ, ಯುಕ್ತಿಗೆ ವಿರೋಧವಲ್ಲದ ಮಾತೇ ಪ್ರಮಾಣ. ಶಾಸ್ತ್ರವು ದೈವದ ಶೀಲವನ್ನು ಸ್ಥಾಪಿಸುವುದಕ್ಕೆ ಮೊದಲು ಶೀಲವೇ ಶಾಸ್ತ್ರವನ್ನು ಸ್ಥಾಪಿಸಬೇಕು. ಹನ್ನೆರಡನೆಯ ಶತಮಾನದ ಬ್ರಹ್ಮಶಿವನು ‘ಸಮಯಪರೀಕ್ಷೆ’ಯಲ್ಲಿ ಅನ್ಯಮತಗಳನ್ನು ಕಟುವಾಗಿ ಅಳೆದುದರ ಹಿಂದೆ, ಮತೀಯ ಸ್ಪರ್ಧೆಯ ಬಿಸಿಯ ಜೊತೆಗೆ, ಈ ಅಳತೆಗೋಲೂ ಇತ್ತು.

ಶರಣರು ದೈವವನ್ನು ಒಪ್ಪಿಯೂ ಈ ಎರಡು ಸಾಕ್ಷಿಗಳನ್ನು ಹಾಗೆಯೇ ಸ್ವೀಕರಿಸಲಿಲ್ಲ. ವೇದ, ಶಾಸ್ತ್ರ, ಪುರಾಣಗಳನ್ನು ಸಾಲಾಗಿ ನಿಲ್ಲಿಸಿ ಅವು ಸಾಲವೆಂದು ಅಲ್ಲಮನು ತೋರಿಸುತ್ತಾನೆ. ಪ್ರಕೃತಿಯ ವಿಷಯದಲ್ಲಿ ಅವರ ದನಿ ಒಂದೇ ಅಲ್ಲ. ಜೇಡರ ದಾಸಿಮಯ್ಯನಿಗೆ ನೆಲ, ಪೈರು, ಗಾಳಿಗಳು ರಾಮನಾಥನ ದತ್ತಿ. ಅದನ್ನುಂಡು ಅನ್ಯರನ್ನು ಹೊಗಳುವುದು ಕೃತಘ್ನತೆ. ದೈವದ ಗುಣ ಇಲ್ಲಿ ಔದಾರ್ಯ. ಅಕ್ಕಮಹಾದೇವಿಗಾದರೋ ಅದೇ ಪ್ರಕೃತಿ ಬಾಯಿಬಿಡದ ಸಾಕ್ಷಿ. ಗಿಳಿ, ಕೋಗಿಲೆ, ದುಂಬಿ, ಹಂಸೆಗಳನ್ನು ಅವಳು ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳುತ್ತಾಳೆ, ಅವು ಉತ್ತರಿಸುವುದಿಲ್ಲ. ಕಾಡೆಲ್ಲವನ್ನೂ ತುಂಬಿರುವವನ ಮುಖ ಮಾತ್ರ ಕಾಣದು. ಬಸವಣ್ಣನವರು ಇನ್ನೊಂದು ತಿರುವು ಕೊಟ್ಟರು: ಕಲ್ಲಿನ ಹಾವಿಗೆ ಹಾಲೆರೆದು ಜೀವಂತ ಹಾವನ್ನು ಕೊಲ್ಲುವವರನ್ನು ತೋರಿಸಿ, ಪ್ರಾಣಿಯೆದುರು ಪರೀಕ್ಷೆಗೊಳಗಾಗುವವನು ದೇವರಲ್ಲ, ಭಕ್ತನೆಂದು ಮನಗಾಣಿಸಿದರು.

ಕನಕದಾಸರ ಕೀರ್ತನೆಗೆ ಹಿನ್ನೆಲೆಯಾಗಿರುವ ಮಾಧ್ವ ಸಿದ್ಧಾಂತ ಇನ್ನೂ ಸ್ಪಷ್ಟವಾಗಿದೆ. ಮಧ್ವಾಚಾರ್ಯರ ಪ್ರಕಾರ ವಿಷ್ಣುವು ಸದಾಗಮದಿಂದಲೇ ತಿಳಿಯತಕ್ಕವನು. ಸ್ವತಂತ್ರವಾದ ಅನುಮಾನ ಅವನನ್ನು ಸಾಧಿಸಲಾರದು. ದಾಸಪರಂಪರೆಯು ಕನಕದಾಸರ ಗುರುವೆಂದು ಸ್ಮರಿಸುವ ವ್ಯಾಸರಾಯರು ನೈಯಾಯಿಕರನ್ನು ಎದುರಿಸಲೆಂದೇ ‘ತರ್ಕತಾಂಡವ’ವನ್ನು ಬರೆದವರು. ಜಿನಸೇನನು ಎತ್ತಿದಂಥ ನೈತಿಕ ಆಕ್ಷೇಪ ವೇದಾಂತಕ್ಕೂ ಹೊಸದಾಗಿರಲಿಲ್ಲ. ಈಶ್ವರನಲ್ಲಿ ಪಕ್ಷಪಾತ ಮತ್ತು ಕ್ರೌರ್ಯದ ದೋಷ ಬರುವುದೆಂಬ ವೈಷಮ್ಯ–ನೈರ್ಘೃಣ್ಯದ ಶಂಕೆಯನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯವೇ ಎತ್ತಿ, ಜೀವರ ಅನಾದಿಕರ್ಮವನ್ನು ಉತ್ತರವಾಗಿ ಕೊಡುತ್ತದೆ. ಆ ಉತ್ತರ ಪ್ರಕೃತಿಯಿಂದ ದೊರೆತುದಲ್ಲ, ಶಾಸ್ತ್ರದಿಂದ ತಂದುದು.

ಇಂಥ ಪರಿಸರದಲ್ಲಿ ಹುಟ್ಟಿದ ಕೀರ್ತನೆಯು ಮರವನ್ನೂ ನವಿಲನ್ನೂ ಕಪ್ಪೆಯನ್ನೂ ಹೆಸರಿಸುವುದು ಪ್ರತಿವಾದಿಯನ್ನು ಮಣಿಸಲಲ್ಲ. ಅದರ ಸಂಬೋಧನೆಯೇ ಇದಕ್ಕೆ ನಿರ್ಣಾಯಕ ಆಧಾರ: ಕನಕದಾಸರು ಮಾತಾಡುತ್ತಿರುವುದು ನಾಸ್ತಿಕನೊಡನೆಯಲ್ಲ, ತಳಮಳಿಸುವ ತಮ್ಮ ಮನಸ್ಸಿನೊಡನೆ. ಅಲ್ಲಿ ಬರುವ ಉದಾಹರಣೆಗಳ ಆಯ್ಕೆಯನ್ನೂ ನೋಡಬೇಕು. ಮನುಷ್ಯನ ಆರೈಕೆ ತಲುಪದ ಶಿಖರ, ಯಾರ ಕಣ್ಣಿಗೂ ಬೀಳದ ಕಲ್ಲಿನೊಡಲು. ದಿಕ್ಕಿಲ್ಲವೆಂದು ಅಂಜುವ ಮನಸ್ಸಿಗೆ ಒಪ್ಪುವ ಎಡೆಗಳೇ ಇವು. ಇದು ಪ್ರಮಾಣವಲ್ಲ, ಸಮಾಧಾನ. ಅಸ್ತಿತ್ವವು ಇಲ್ಲಿ ಮೊದಲೇ ಒಪ್ಪಿತವಾದ ವಿಷಯ. ಬೇಕಾಗಿರುವುದು ಆ ಒಡೆಯನು ಮರೆಯುವವನಲ್ಲ ಎಂಬ ಭರವಸೆ.

ಈ ಭೇದವನ್ನು ಮರೆತರೆ ಎರಡು ಕಡೆಯೂ ನಷ್ಟ. ಕೀರ್ತನೆಯನ್ನು ತರ್ಕವಾಗಿಸಿದರೆ ಜಿನಸೇನನ ಒಂದು ಪ್ರಶ್ನೆಗೇ ಅದು ತತ್ತರಿಸುತ್ತದೆ: ಒಂದು ಮರಕ್ಕೆ ನೀರು ದೊರೆತ ಬೆಟ್ಟದಲ್ಲಿಯೇ ಒಣಗಿದ ಮರಗಳೂ ಇವೆ. ಜಿನಸೇನನ ಖಂಡನೆಯನ್ನು ಬರಿಯ ನಿರಾಕರಣೆಯೆಂದು ಬಗೆದರೆ ಅದರೊಳಗಿನ ಕರುಣೆಯ ಮೇಲಿನ ನಿಷ್ಠೆ ಕಣ್ತಪ್ಪುತ್ತದೆ. ಜೀವಿಗಳ ನೋವಿಗೆ ಕಾರಣನಾದವನನ್ನು ಪೂಜಿಸಲಾರೆನೆನ್ನುವುದೂ, ಯಾವ ಜೀವಿಯನ್ನೂ ಅವನು ಕೈಬಿಡನೆಂದು ನಂಬುವುದೂ ದಯೆಯನ್ನೇ ದೈವತ್ವದ ಅಳತೆಯಾಗಿ ಹಿಡಿದಿವೆ. ಆ ಅಳತೆಯನ್ನು ಪ್ರಕೃತಿಯಾಗಲಿ ಗ್ರಂಥವಾಗಲಿ ತಾನಾಗಿಯೇ ಕೊಡಲಿಲ್ಲ. ಓದುವವರು ಅದನ್ನು ಕೈಯಲ್ಲಿ ಹಿಡಿದೇ ಎರಡನ್ನೂ ತೆರೆದರು.