ಓಸಿ ಚೀಟಿಯ ದುಡ್ಡು ಎಲ್ಲಿಗೆ ಹೋಗುತ್ತದೆ?

ಕ್ಯಾಸಿನೊ ಬಂದರೆ ಊರು ಉದ್ಧಾರವಾಗುತ್ತದೆ ಎನ್ನುವವರು ಮೊದಲು ಗೋವಾದ ಕಡೆ ಕೈ ತೋರಿಸುತ್ತಾರೆ. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಹಡಗುಗಳು, ತುಂಬಿದ ಹೋಟೆಲುಗಳು, ಸರ್ಕಾರಕ್ಕೆ ಸೇರುವ ತೆರಿಗೆ. ನಮ್ಮ ರಾಯಚೂರಿನಲ್ಲಿ ಕ್ಯಾಸಿನೊ ಇಲ್ಲ. ಜೂಜು ಮಾತ್ರ ಇದೆ. ದೇವದುರ್ಗದ ಸಂತೆಯಲ್ಲೋ ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲೋ ‘ಓಸಿ’ ಎಂದರೆ ಯಾರೂ ಅರ್ಥ ಕೇಳುವುದಿಲ್ಲ. ಜೂಜಿನಿಂದ ಊರಿಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆಯನ್ನು ನಾನು ಈ ಓಸಿಯಿಂದಲೇ ಶುರು ಮಾಡುತ್ತೇನೆ.

ಓಸಿ ಎಂದರೆ ಓಪನ್–ಕ್ಲೋಸ್. ಇದು ಹತ್ತಿ ಪೇಟೆಯ ಮಾತು. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದಲ್ಲಿ ದಿನದ ಆರಂಭದ ದರ, ಮುಕ್ತಾಯದ ದರ ಎಷ್ಟೆಂಬ ಸುದ್ದಿ ತಂತಿಯ ಮೂಲಕ ಮುಂಬೈಗೆ ಬರುತ್ತಿತ್ತು. ಆ ಅಂಕಿಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ಪದ್ಧತಿ ನಿಂತಾಗ ಜೂಜುಕೋರರಿಗೆ ಬೇರೆ ಅಂಕಿ ಬೇಕಾಯಿತು. 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮದೇ ಆಟ ಹೂಡಿದರು. ಚೀಟಿ ಹಾಕಿದ ಮಡಕೆಯಿಂದ ‘ಮಟ್ಕಾ’ ಎಂಬ ಹೆಸರು ಬಂತು. ಹತ್ತಿ ಹೋಯಿತು, ಓಪನ್–ಕ್ಲೋಸ್ ಉಳಿಯಿತು.

ಹತ್ತಿ ಬೆಳೆಯುವ ಸೀಮೆಗೇ ಆ ಹೆಸರು ಚೀಟಿಯಾಗಿ ಬಂದದ್ದು ನನಗೆ ವಿಚಿತ್ರವಾಗಿ ಕಾಣುತ್ತದೆ. ಮುಂಬೈ ಕಡೆಯ ರೈಲು, ಮದ್ರಾಸ್ ಕಡೆಯ ರೈಲು 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಅಂದಿನಿಂದ ಮುಂಬೈ ಪೇಟೆ ನಮಗೆ ದೂರವಲ್ಲ.

ಈಗ ಲೆಕ್ಕ ನೋಡಿ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿ. ಒಂದು ಅಂಕಿಗೆ 10 ರೂಪಾಯಿ ಕಟ್ಟಿ ಗೆದ್ದರೆ ಸಿಗುವುದು, ರೂಢಿಯ ದರದಲ್ಲಿ, 90. ನೂರು ಜನ ಹತ್ತತ್ತು ರೂಪಾಯಿಯಂತೆ ಎಲ್ಲ ಅಂಕಿಗಳಿಗೂ ಸಮನಾಗಿ ಕಟ್ಟಿದರೆ 1,000 ಕೂಡುತ್ತದೆ. ಗೆದ್ದ ಹತ್ತು ಜನರಿಗೆ 900 ಹೋಗುತ್ತದೆ, 100 ಬುಕ್ಕಿಯ ಹತ್ತಿರ ಉಳಿಯುತ್ತದೆ. ಹತ್ತರಲ್ಲೊಂದು ಪಾಲು ತಾನೇ ಎನಿಸಬಹುದು. ಆದರೆ ಗೆದ್ದ ದುಡ್ಡು ಮನೆಗೆ ಹೋಗುವುದು ಅಪರೂಪ, ಅದು ನಾಳೆಯ ಚೀಟಿಗೆ ಹೋಗುತ್ತದೆ. 900 ಇದ್ದದ್ದು 810 ಆಗುತ್ತದೆ, 810 ಇದ್ದದ್ದು 729. ಏಳನೆಯ ಸುತ್ತು ಮುಗಿದಾಗ ಮೊದಲಿನ ಸಾವಿರದಲ್ಲಿ ಆಡುವವರ ಕೈಯಲ್ಲಿ ಉಳಿಯುವುದು ಸುಮಾರು 478. ಯಾರೂ ಮೋಸ ಮಾಡಬೇಕಿಲ್ಲ, ಆಟ ನಡೆದರೆ ಸಾಕು.

ಚೀಟಿ ಬರೆಯುವ ಹುಡುಗನಿಗೆ ಕಮಿಷನ್ ಸಿಗುತ್ತದಲ್ಲ, ಅದೂ ಉದ್ಯೋಗವಲ್ಲವೇ ಎಂದು ಗೆಳೆಯರೊಬ್ಬರು ವಾದಿಸಿದರು. ಸಿಗುತ್ತದೆ, ನಿಜ. ಉಳಿದದ್ದು ಬುಕ್ಕಿಯಿಂದ ದೊಡ್ಡ ಬುಕ್ಕಿಗೆ, ತಾಲ್ಲೂಕು ದಾಟಿ ಹೋಗುತ್ತದೆ. ನಾಗರ ಪಂಚಮಿಗೆ ನಮ್ಮ ಹಳ್ಳಿಗಳಲ್ಲೂ ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುತ್ತಾರೆ. ಅಲ್ಲಿ ಸೋತವನ ದುಡ್ಡು ಪಕ್ಕದ ಓಣಿಯವನ ಜೇಬಿಗೆ ಬೀಳುತ್ತದೆ, ಅದೇ ಊರಿನ ಅಂಗಡಿಯಲ್ಲಿ ಖರ್ಚಾಗುತ್ತದೆ. ‘ಬೇಸಾಯವೇ ಜೂಜು’ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಹತ್ತಿ ಬೆಳೆದು ಸೋತ ರೈತನ ಹೊಲದಲ್ಲೂ ಬಿಡಿಸಿದವರಿಗೆ ಕೂಲಿ ಸಂದಿರುತ್ತದೆ.

ಕಾನೂನು ಈ ದಾರಿಯಲ್ಲಿ ಯೋಚಿಸಲಿಲ್ಲ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯದ್ದೇ ಫಸಲಿ 1305ರ ಜೂಜು ಕಾಯ್ದೆಯಡಿ ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕೌಶಲವೋ ಅದೃಷ್ಟವೋ ಎಂಬ ಆ ಚರ್ಚೆ ಇನ್ನೂ ಮುಗಿದಿಲ್ಲ. ಮಟ್ಕಾಕ್ಕೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ 78ನೇ ಕಲಂ ಇದೆ. ಸರ್ಕಾರವೂ ಬಹುಕಾಲ ಲಾಟರಿ ಮಾರುತ್ತಿತ್ತು. ಬೊಕ್ಕಸಕ್ಕೆ ಆದಾಯ ಎಂಬುದೇ ಅದರ ಸಮರ್ಥನೆ. 2007ರಲ್ಲಿ ಲಾಟರಿ ನಿಂತಿತು.

ಆದರೆ ಜೂಜಿನಿಂದ ನಿಜವಾಗಿ ಶ್ರೀಮಂತವಾದ ಊರುಗಳಿಗೆ ದುಡ್ಡಿನ ದಿಕ್ಕು ಚೆನ್ನಾಗಿ ಗೊತ್ತಿತ್ತು. ಮಾಂಟೆ ಕಾರ್ಲೊದ ಕ್ಯಾಸಿನೊ ಆದಾಯ ನೆಚ್ಚಿಕೊಂಡು ಮೊನಾಕೊದ ದೊರೆ ಮೂರನೇ ಚಾರ್ಲ್ಸ್ 1869ರಲ್ಲಿ ಪ್ರಜೆಗಳ ಆದಾಯ ತೆರಿಗೆಯನ್ನೇ ಕೈಬಿಟ್ಟ. ಅಲ್ಲಿನ ಪ್ರಜೆಗಳು ಮಾತ್ರ ಆ ಕ್ಯಾಸಿನೊದಲ್ಲಿ ಆಡುವಂತಿಲ್ಲ. ಗೋವಾ ಕೂಡ 2020ರ ಫೆಬ್ರುವರಿಯಿಂದ ಗೋವಾದವರು ಕ್ಯಾಸಿನೊಗಳಲ್ಲಿ ಆಡುವುದನ್ನು ತಡೆಯಲು ಹೊರಟಿತು. ಹೊರಗಿನವರು ಬಂದು ಸೋಲಬೇಕು, ಊರಿನವರು ಬಡಿಸಬೇಕು, ಟ್ಯಾಕ್ಸಿ ಓಡಿಸಬೇಕು. ಲಾಭದ ಗುಟ್ಟು ಇಷ್ಟೇ ಎಂದು ನನಗನಿಸುತ್ತದೆ. ರಾಯಚೂರಿನಲ್ಲಿ ಕ್ಯಾಸಿನೊ ತೆರೆದರೆ ಆಡಲು ಎಲ್ಲಿಂದ ಯಾರು ಬರುತ್ತಾರೆ? ಬಾಗಿಲಲ್ಲಿ ನಮ್ಮವರನ್ನೇ ತಡೆದರೆ ಒಳಗೆ ಉಳಿಯುವವರು ಯಾರು?

ದೇವದುರ್ಗದ ಹಳ್ಳಿಗಳಿಂದ ಜನ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಕಟ್ಟಡದ ಕೆಲಸದಲ್ಲಿ ಕೂಡಿಟ್ಟ ದುಡ್ಡು ಊರಿಗೆ ಬರುತ್ತದೆ. ಹೊರಗಿನ ದುಡ್ಡು ಒಳಗೆ ಬರಲು ನಮ್ಮಲ್ಲಿರುವ ದಾರಿಗಳಲ್ಲಿ ಅದು ದೊಡ್ಡದು. ಹಬ್ಬಕ್ಕೆ ಬಂದವನ ಆ ದುಡ್ಡಿನಲ್ಲಿ ಒಂದಿಷ್ಟು ಓಸಿ ಚೀಟಿ ಹತ್ತಿ, ದುಡಿದ ಶಹರದ ಕಡೆಗೇ ಹೊರಡುತ್ತದೆ. ಈಚೆಗೆ ಚೀಟಿ ಬರೆಯುವ ಹುಡುಗನೂ ಬೇಕಿರಲಿಲ್ಲ, ಮೊಬೈಲ್ ಸಾಕಾಗಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ 2025ರ ಆಗಸ್ಟಿನಲ್ಲಿ ಕಾಯ್ದೆ ತಂದು ನಿಷೇಧಿಸಿತು. ಹಾಗೆ ಹೋದ ದುಡ್ಡಿನಲ್ಲಿ ಆ ಹುಡುಗನ ಕಮಿಷನ್ನಿನಷ್ಟೂ ಮಾನ್ವಿಯಲ್ಲಿ ಉಳಿದಿರಲಿಲ್ಲ.