ವೀರ್ಯಾಣು ಉತ್ಪಾದನೆಗೆ ಲೈಡಿಗ್ ಕೋಶಗಳ ಆಸರೆ

ಕೊಡಗಿನ ಕುಶಾಲನಗರ ಸಮೀಪದ ದುಬಾರೆ ಶಿಬಿರದಲ್ಲಿ ಗಂಡಾನೆಗೆ ಮದ ಬಂದಾಗ ಮಾವುತರು ಅದನ್ನು ಪ್ರತ್ಯೇಕವಾಗಿ ಕಟ್ಟಿಹಾಕುತ್ತಾರೆ. ಮದವೇರಿದ ಆನೆಯನ್ನು ಮೈಸೂರು ದಸರೆಗೂ ಕರೆದೊಯ್ಯುವುದಿಲ್ಲ. ಈ ಅವಧಿಯಲ್ಲಿ ಆನೆಯ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಹಾರ್ಮೋನು ಹಲವು ಪಟ್ಟು ಏರಿರುತ್ತದೆ. ಅದರ ಮುಖ್ಯ ಮೂಲ ವೃಷಣದಲ್ಲಿರುವ ಲೈಡಿಗ್ ಕೋಶಗಳು. ಮನುಷ್ಯನೂ ಸೇರಿದಂತೆ ಎಲ್ಲ ಸಸ್ತನಿಗಳಲ್ಲಿಯೂ ಇವು ಇವೆ.

ಈ ಕೋಶಗಳನ್ನು ಜರ್ಮನಿಯ ಫ್ರಾಂಜ್ ಲೈಡಿಗ್ 1850ರಲ್ಲಿ ವಿವರಿಸಿದರು. ವೃಷಣದೊಳಗೆ ಸುರುಳಿ ಸುತ್ತಿಕೊಂಡ ಸೂಕ್ಷ್ಮ ನಾಳಗಳಿದ್ದು, ವೀರ್ಯಾಣುಗಳು ಅಲ್ಲಿ ರೂಪುಗೊಳ್ಳುತ್ತವೆ. ಲೈಡಿಗ್ ಕೋಶಗಳ ನೆಲೆ ನಾಳಗಳ ನಡುವಣ ಜಾಗ. ಮಿದುಳಿನ ತಳಭಾಗದ ಪಿಟ್ಯುಟರಿ ಗ್ರಂಥಿ ಸ್ರವಿಸುವ ಎಲ್‌ಎಚ್ ಹಾರ್ಮೋನಿನ ಆದೇಶದಂತೆ ಇವು ಕೊಲೆಸ್ಟರಾಲ್‌ನಿಂದ ಟೆಸ್ಟೋಸ್ಟಿರಾನ್ ತಯಾರಿಸುತ್ತವೆ.

ಗಮನಾರ್ಹ ಅಂಶವೆಂದರೆ, ಬೆಳೆಯುತ್ತಿರುವ ವೀರ್ಯಾಣುಗಳು ಈ ಹಾರ್ಮೋನಿನ ಸಂದೇಶವನ್ನು ನೇರವಾಗಿ ಸ್ವೀಕರಿಸುವುದಿಲ್ಲ. ನಾಳದ ಗೋಡೆಯಲ್ಲಿರುವ ಸೆರ್ಟೋಲಿ ಕೋಶಗಳು ಅದನ್ನು ಸ್ವೀಕರಿಸಿ, ವೀರ್ಯಾಣುಗಳಿಗೆ ಪೋಷಣೆ ಮತ್ತು ಆಸರೆ ನೀಡುತ್ತವೆ. ಪಿಟ್ಯುಟರಿಯ ಇನ್ನೊಂದು ಹಾರ್ಮೋನಾದ ಎಫ್‌ಎಸ್‌ಎಚ್ ಕೂಡ ಸೆರ್ಟೋಲಿ ಕೋಶಗಳನ್ನೇ ಪ್ರಚೋದಿಸುತ್ತದೆ. ಮನುಷ್ಯನಲ್ಲಿ ಒಂದು ವೀರ್ಯಾಣು ಸಿದ್ಧವಾಗಲು ಸುಮಾರು 74 ದಿನಗಳು ಬೇಕು.

ಈ ಕಾರ್ಯಕ್ಕೆ ರಕ್ತದಲ್ಲಿರುವಷ್ಟು ಟೆಸ್ಟೋಸ್ಟಿರಾನ್ ಸಾಲದು. ವೃಷಣದೊಳಗೆ ಅದರ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಲೈಡಿಗ್ ಕೋಶಗಳು ನಾಳಗಳ ಪಕ್ಕದಲ್ಲಿಯೇ ಇರುವುದರಿಂದ ಇದು ಸಾಧ್ಯವಾಗಿದೆ.

ಮೈಕಟ್ಟು ಬೆಳೆಸುವ ಆಸೆಯಿಂದ ವೈದ್ಯರ ಸಲಹೆಯಿಲ್ಲದೆ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಪಡೆಯುವ ಯುವಕರು ಅಪಾಯಕ್ಕೆ ಸಿಲುಕುವುದು ಇಲ್ಲಿಯೇ. ರಕ್ತದಲ್ಲಿ ಹಾರ್ಮೋನು ಹೆಚ್ಚಿದ್ದನ್ನು ಗ್ರಹಿಸಿದ ಮಿದುಳು ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಸ್ರವಿಕೆಯನ್ನು ತಗ್ಗಿಸುತ್ತದೆ. ಆದೇಶವಿಲ್ಲದ ಲೈಡಿಗ್ ಕೋಶಗಳು ಕೆಲಸ ನಿಲ್ಲಿಸುತ್ತವೆ. ವೃಷಣದೊಳಗಿನ ಸಾಂದ್ರತೆ ಕುಸಿಯುತ್ತದೆ. ಸ್ನಾಯು ಬೆಳೆದರೂ ವೀರ್ಯಾಣುಗಳ ಸಂಖ್ಯೆ ಇಳಿದು, ಕೆಲವರಲ್ಲಿ ಶೂನ್ಯಕ್ಕೂ ತಲುಪಬಹುದು. ಚುಚ್ಚುಮದ್ದು ನಿಲ್ಲಿಸಿದರೆ ಬಹುತೇಕರಲ್ಲಿ ಉತ್ಪಾದನೆ ಮರಳುತ್ತದೆಯಾದರೂ ಅದಕ್ಕೆ ಹಲವು ತಿಂಗಳುಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಮಕ್ಕಳನ್ನು ಬಯಸುವವರು ಇಂತಹ ಚುಚ್ಚುಮದ್ದಿನ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು.

ಆನೆಯ ದೇಹವೂ ಇದೇ ಪಾಠವನ್ನು ಹೇಳುತ್ತದೆ. ಮದವಿಲ್ಲದ ದಿನಗಳಲ್ಲಿಯೂ ಪ್ರೌಢ ಗಂಡಾನೆಯಲ್ಲಿ ವೀರ್ಯಾಣುಗಳು ಉತ್ಪತ್ತಿಯಾಗುತ್ತಿರುತ್ತವೆ. ರಕ್ತದಲ್ಲಿ ಉಕ್ಕುವ ಹಾರ್ಮೋನು ಸಂತಾನಶಕ್ತಿಯ ಅಳತೆಗೋಲಲ್ಲ. ವೃಷಣದೊಳಗೆ ಲೈಡಿಗ್ ಕೋಶಗಳು ಕಾಯ್ದುಕೊಳ್ಳುವ ಪ್ರಮಾಣವೇ ನಿರ್ಣಾಯಕ.