ಒತ್ತಕ್ಷರ ಕೂರಿಸೋದು ಯಾರ ಕೆಲಸ?

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಲ್ಲಿ ಹೋಗ್ತಿದ್ದೆ. ಹಳೇ ಫೋನಿಗೆ 'ಹರಿಹರೇಶ್ವರ ಗುಡಿ ಹತ್ರ ಇಳಿ' ಅಂತ ಮೆಸೇಜ್ ಬಂತು. 'ಶ್ವ' ಒಡೆದು ಎರಡು ಬಿಡಿ ಅಕ್ಷರ ಆಗಿತ್ತು. ಇದನ್ನ ಕರ್ನಲ್ಲೇ ಜೋಡಿಸಬಾರದಿತ್ತಾ?

ಬೇಡ. ಮೆಮೊರಿ, ಪ್ರೊಸೆಸರ್ ಹಂಚೋದು ಕರ್ನಲ್ ಕೆಲಸ. ಅದು ಬಿದ್ದರೆ ಇಡೀ ಫೋನೇ ಬೀಳುತ್ತೆ. 1996ರಲ್ಲಿ ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ 4.0ಯಲ್ಲಿ ವೇಗಕ್ಕಾಗಿ ಗ್ರಾಫಿಕ್ಸ್ ಕೆಲಸವನ್ನು ಕರ್ನಲ್ ಒಳಗೆ ತಂದಿತು. 2015ರಲ್ಲಿ ವಿಂಡೋಸ್‌ನ ಫಾಂಟ್ ಡ್ರೈವರ್‌ನಲ್ಲಿ ದೋಷ ಸಿಕ್ಕಿತು: ಕೆಟ್ಟ ಫಾಂಟ್ ಅಡಗಿಸಿದ ಪುಟ ತೆರೆದರೂ ಸಾಕು, ಕಂಪ್ಯೂಟರ್ ಕಳ್ಳರ ಕೈಗೆ!

ಆಂಡ್ರಾಯ್ಡ್‌ನಲ್ಲಿ ಒತ್ತಕ್ಷರ ಕೂರಿಸೋದು ಹಾರ್ಫ್‌ಬಝ್ ಅನ್ನೋ ಲೈಬ್ರರಿ. ಅಲ್ಲಿ ಒಮ್ಮೆ ಸರಿಮಾಡಿದರೆ ಅದನ್ನು ನಂಬಿದ ಆ್ಯಪ್‌ಗಳಿಗೆಲ್ಲ ಕನ್ನಡ ಸರಿಹೋಗುತ್ತೆ. ತಪ್ಪಾದರೆ ಆ್ಯಪ್ ನಿಲ್ಲಬಹುದು, ಫೋನ್ ನಿಲ್ಲಲ್ಲ. ಕನ್ನಡಕ್ಕೆ ಗರ್ಭಗುಡಿ ಬೇಕಿಲ್ಲ. ಎಲ್ಲರೂ ಬಂದುಹೋಗೋ ಜಗಲಿ ಸಾಕು.